ಮೊದಲು ಸ್ಟಡ್ ಹುಡುಕಿ, ಆಮೇಲೆ ದೇವರಿಗೆ ಜಾಗ ಹೇಳಿ

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಫೋಟೋಗಳು ಬರಲು ಶುರುವಾಗುತ್ತವೆ. ಒಂದು ಬಿಳಿ ಗೋಡೆ. ಅದರಲ್ಲಿ ನಾಲ್ಕು ದೊಡ್ಡ ತೂತು. ಕೆಳಗೆ ಕಾರ್ಪೆಟ್ ತುಂಬ ಬಿಳಿ ಪುಡಿ, ಪಕ್ಕದಲ್ಲಿ ಬಿದ್ದ ದೇವರ ಶೆಲ್ಫು. ಜೊತೆಗೆ ಒಂದು ಸಾಲು: "ಅಣ್ಣ, ಬಿಗಿಯಾಗೇ ಹಾಕಿದ್ದೆ, ಆದ್ರೂ ಕಿತ್ತು ಬಂತು."

ನಾನು ನ್ಯೂಜೆರ್ಸಿಯಲ್ಲಿ ಮನೆ ರಿಪೇರಿ ಕೆಲಸ ಮಾಡುತ್ತೇನೆ. ಗಿರಾಕಿಗಳಲ್ಲಿ ನಮ್ಮ ಕಡೆಯವರೇ ಜಾಸ್ತಿ. ಡ್ರಿಲ್ ಹಿಡಿಯುವುದು, ರಸಮಟ್ಟ ಇಟ್ಟು ನೋಡುವುದು ಎಲ್ಲರಿಗೂ ಬರುತ್ತದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಎಲ್ಲರೂ ಎಡವುವುದು ಒಂದೇ ಕಡೆ. ಶೆಲ್ಫ್ ಎಲ್ಲಿ ಬೇಕು ಅಂತ ಮೊದಲು ತೀರ್ಮಾನ ಮಾಡುತ್ತಾರೆ. ಈಶಾನ್ಯ ಮೂಲೆ, ಕಿಟಕಿಯ ಪಕ್ಕ, ಕೂತರೆ ಕಣ್ಣಿನ ಮಟ್ಟಕ್ಕೆ. ಪೆನ್ಸಿಲ್ ಗುರುತೂ ಆಗುತ್ತದೆ. ಅಲ್ಲಿ ಕೊರೆದಾಗ ಡ್ರಿಲ್ ಸರ್ರನೆ ಒಳಗೆ ಹೋಗುತ್ತದೆ. ಸುಲಭವಾಗಿ ಹೋಯಿತಲ್ಲ ಅಂತ ಖುಷಿ ಪಡುತ್ತಾರೆ. ಸುಲಭವಾಗಿ ಹೋಯಿತು ಅಂದರೆ ಒಳಗೆ ಏನೂ ಇಲ್ಲ ಅಂತ ಅರ್ಥ.

ಊರಿನಲ್ಲಿ ನಾವು ಕಂಡ ಗೋಡೆ ಇಟ್ಟಿಗೆಯದು. ಎಲ್ಲಿ ಕೊರೆದರೂ ಗಟ್ಟಿ. ಒಂದು ಮರದ ಬೆಣೆ ಬಡಿದು ಮೊಳೆ ಹೊಡೆದರೆ ತಾತನ ಫೋಟೋ ಐವತ್ತು ವರ್ಷ ನಿಲ್ಲುತ್ತದೆ. ಇಲ್ಲಿನ ಗೋಡೆ ಹಾಗಲ್ಲ. ಎರಡು ಕಾಗದದ ನಡುವೆ ನೀರಿನಲ್ಲಿ ಕಲಸಿದ ಜಿಪ್ಸಮ್ ಹಾಕಿ ಗಟ್ಟಿಯಾಗಿಸಿ ಮಾಡಿದ ಹಲಗೆ, ಅದೇ ಡ್ರೈವಾಲ್. ಸಾಮಾನ್ಯವಾಗಿ ಅರ್ಧ ಇಂಚು ದಪ್ಪ. ಅದರ ಹಿಂದೆ ಪೊಳ್ಳು. ಆ ಪೊಳ್ಳಿನಲ್ಲಿ ಸಾಮಾನ್ಯವಾಗಿ 16 ಇಂಚಿಗೆ ಒಂದರಂತೆ ಮರದ ಕಂಬ ನಿಂತಿರುತ್ತದೆ. ಕೆಲವು ಮನೆಗಳಲ್ಲಿ 24 ಇಂಚಿಗೆ ಒಂದು. ಅದೇ ಸ್ಟಡ್. ಅಂಗಡಿಯಲ್ಲಿ ಅದನ್ನು ಟೂ ಬೈ ಫೋರ್ ಅಂತಾರೆ, ಆದರೆ ಅಳೆದರೆ ಅದರ ಮುಖ ಒಂದೂವರೆ ಇಂಚು ಮಾತ್ರ. ಅಂದರೆ 16 ಇಂಚು ಗೋಡೆಯಲ್ಲಿ ಭಾರ ಹೊರುವ ಜಾಗ ಒಂದೂವರೆ ಇಂಚು. ಉಳಿದ ಹದಿನಾಲ್ಕೂವರೆ ಇಂಚು ಬಣ್ಣ ಬಳಿಯುವುದಕ್ಕೆ.

ಕಂಬಗಳು ಮನೆ ಕಟ್ಟಿದ ದಿನವೇ ನಿಂತಾಗಿದೆ. ನಿಮ್ಮ ಶೆಲ್ಫ್‌ನ ತೂತುಗಳ ಅಂತರ ಯಾವುದೋ ಕಾರ್ಖಾನೆಯಲ್ಲಿ ತೀರ್ಮಾನವಾಗಿದೆ. ಇವೆರಡೂ ತಾವಾಗಿ ಹೊಂದಿಕೊಳ್ಳುತ್ತವೆ ಅಂತ ಏಕೆ ಅಂದುಕೊಳ್ಳಬೇಕು? ಅದಕ್ಕೇ ಹೇಳುವುದು, ಮೊದಲು ಗೋಡೆಯನ್ನು ಕೇಳಿ. ಸ್ಟಡ್ ಎಲ್ಲೆಲ್ಲಿವೆ ಅಂತ ಗುರುತು ಮಾಡಿ. ಆಮೇಲೆ ಜಾಗ ನೋಡಿ.

ಇಲ್ಲಿಗೆ ಬಂದಾಗ ಎಲ್ಲರೂ ಆಂಕರ್ ಪ್ಯಾಕೆಟ್ ತೋರಿಸುತ್ತಾರೆ. ಆಂಕರ್ ಅಂದರೆ ಪೊಳ್ಳು ಗೋಡೆಯಲ್ಲೂ ಸ್ಕ್ರೂ ಹಿಡಿಯಲಿ ಅಂತ ತೂತಿಗೆ ಹಾಕುವ ಬಿರಡೆ. "ಇದರ ಮೇಲೆ 75 ಪೌಂಡ್ ಅಂತ ಬರೆದಿದೆಯಲ್ಲ?" ಬರೆದಿರುತ್ತದೆ. ಗೋಡೆಗೆ ಅಂಟಿಕೊಂಡು ನೇತಾಡುವ ಫೋಟೋಗೆ ಆ ಲೆಕ್ಕ ಸ್ವಲ್ಪ ಹತ್ತಿರ. ಶೆಲ್ಫ್ ಅಂಟಿಕೊಂಡಿಲ್ಲ, ಹೊರಗೆ ಚಾಚಿದೆ. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ಬೀದಿ ಕೊನೆಯಿಂದ ಮನೆತನಕ ನಡೆಯಬಹುದು. ಅದೇ ಬಿಂದಿಗೆಯನ್ನು ಕೈ ಚಾಚಿ ಹಿಡಿದು ಒಂದು ನಿಮಿಷ ನಿಲ್ಲಿ ನೋಡೋಣ. ಶೆಲ್ಫ್ 10 ಇಂಚು ಅಗಲ ಇದ್ದರೆ ಅದರ ಭಾರ ಸುಮಾರು 5 ಇಂಚು ಹೊರಗೆ ಕೂತಿರುತ್ತದೆ. ಮೇಲಿನ ಸ್ಕ್ರೂ ಬ್ರಾಕೆಟ್‌ನ ಕೆಳತುದಿಯಿಂದ ಎರಡೂವರೆ ಇಂಚು ಎತ್ತರದಲ್ಲಿದ್ದರೆ, 30 ಪೌಂಡ್ ಸಾಮಾನು ಮೇಲಿನ ಸ್ಕ್ರೂಗಳನ್ನು 60 ಪೌಂಡ್ ಬಲದಿಂದ ಹೊರಗೆ ಎಳೆಯುತ್ತದೆ. ಕೆಳಕ್ಕಲ್ಲ, ಹೊರಗೆ. ಡ್ರೈವಾಲ್‌ಗೆ ಆಗದಿರುವುದು ಅದೇ. ಕಂಚಿನ ವಿಗ್ರಹ, ಬೆಳ್ಳಿ ದೀಪ, ತೆಂಗಿನಕಾಯಿ ಇಟ್ಟ ಕಳಶ ಸೇರಿದರೆ 30 ಪೌಂಡ್ ಆಗಲು ಎಷ್ಟು ಹೊತ್ತು? ಆಂಕರ್ ಬೇಡವೇ ಬೇಡ ಅಂತ ಹೇಳುತ್ತಿಲ್ಲ. ಕ್ಯಾಲೆಂಡರಿಗೆ, ಸಣ್ಣ ಫೋಟೋಗೆ ಧಾರಾಳವಾಗಿ ಬಳಸಿ. ದೇವರ ಶೆಲ್ಫಿಗೆ, ಪುಸ್ತಕಕ್ಕೆ, ಮಗು ಮಲಗುವ ಜಾಗದ ಮೇಲಿನ ಯಾವುದಕ್ಕೂ ನಾನು ಆಂಕರ್ ಹಾಕಿಕೊಡುವುದಿಲ್ಲ.

ಹುಡುಕುವುದು ಕಷ್ಟವಿಲ್ಲ. ಬ್ಯಾಟರಿಯ ಸ್ಟಡ್ ಫೈಂಡರ್ ಇದ್ದರೆ ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ ಎಳೆಯಿರಿ. ಎರಡು ಅಂಚೂ ಗುರುತಾಗಬೇಕು. ನಡುವೆ ಸುಮಾರು ಒಂದೂವರೆ ಇಂಚು ಇದ್ದರೆ ಅದು ಸ್ಟಡ್, ಸ್ಕ್ರೂ ಸರಿಯಾಗಿ ಮಧ್ಯಕ್ಕೆ. ಒಂದು ಸಲ ಕೀಂ ಅಂದ ಕೂಡಲೇ ಅಲ್ಲೇ ಕೊರೆದರೆ ಸ್ಕ್ರೂ ಅಂಚಿಗೆ ಸಿಕ್ಕಿ ಮರ ಸೀಳುತ್ತದೆ. ಇನ್ನೊಂದು ವಿಷಯ. ಕೆಲವು ಫೈಂಡರ್‌ಗಳು ಆನ್ ಮಾಡಿದ ಜಾಗವನ್ನೇ ಖಾಲಿ ಗೋಡೆ ಅಂತ ತಿಳಿಯುತ್ತವೆ. ಅಕಸ್ಮಾತ್ ಸ್ಟಡ್ ಮೇಲೆಯೇ ಇಟ್ಟು ಆನ್ ಮಾಡಿದರೆ ಎಲ್ಲ ಉಲ್ಟಾ ಹೇಳುತ್ತವೆ. ಹಾಗಾಗಿ ಎರಡು ಮೂರು ಕಡೆಯಿಂದ ಶುರು ಮಾಡಿ ನೋಡಿ.

ನನಗೆ ಜಾಸ್ತಿ ನಂಬಿಕೆ ಇರುವುದು ಒಂದು ಸಣ್ಣ, ಶಕ್ತಿಯುತ ಮ್ಯಾಗ್ನೆಟ್ ಮೇಲೆ. ದಾರ ಕಟ್ಟಿ ಗೋಡೆ ಮೇಲೆ ನಿಧಾನಕ್ಕೆ ಆಡಿಸಿ. ಡ್ರೈವಾಲ್ ಅನ್ನು ಸ್ಟಡ್‌ಗೆ ಹಿಡಿದಿರುವ ಸ್ಕ್ರೂ ತಲೆಗೆ ಅದು ಟಕ್ ಅಂತ ಅಂಟುತ್ತದೆ. ಅಲ್ಲಿಂದ ನೇರ ಮೇಲಕ್ಕೆ, ಕೆಳಕ್ಕೆ ಹೋಗಿ. ಒಂದೇ ಗೆರೆಯಲ್ಲಿ ಎರಡು ಮೂರು ಕಡೆ ಅಂಟಿದರೆ ಅದು ಸ್ಟಡ್. ಅಲ್ಲಿಂದ 16 ಇಂಚು ಅಳೆದು ಮುಂದಿನದು ಇದೆಯಾ ನೋಡಿ. ಟೇಪಿನಲ್ಲಿ 16, 32, 48ರ ಹತ್ತಿರ ಕೆಂಪು ಗುರುತು ಇರುವುದು ಇದಕ್ಕೇ. ಬಾಗಿಲು, ಕಿಟಕಿಗಳ ಅಕ್ಕಪಕ್ಕ ಮಾತ್ರ ಈ ಲೆಕ್ಕ ತಪ್ಪಬಹುದು. ಕೊನೆಗೆ, ಶೆಲ್ಫಿನ ಹಿಂದೆ ಮುಚ್ಚಿಹೋಗುವ ಜಾಗದಲ್ಲಿ ಒಂದು ತೆಳು ಮೊಳೆ ಹೊಡೆದು ನೋಡಿ. ಅರ್ಧ ಇಂಚು ದಾಟಿದ ಮೇಲೂ ಸುತ್ತಿಗೆ ಏಟು ಬೇಕಾದರೆ ಮರ ಇದೆ. ಸಡಿಲವಾಗಿ ಒಳಗೆ ಜಾರಿದರೆ ಪೊಳ್ಳು.

ಮೊಳೆಯೋ ಡ್ರಿಲ್ಲೋ ಕಬ್ಬಿಣಕ್ಕೆ ತಾಗಿ ಮುಂದೆ ಹೋಗದಿದ್ದರೆ ಅಲ್ಲೇ ನಿಲ್ಲಿಸಿ. ಹಟ ಮಾಡಬೇಡಿ. ವೈರು, ಪೈಪು ಅಂಚಿಗೆ ತೀರ ಹತ್ತಿರ ಹಾದಿರುವ ಕಡೆ ಸ್ಟಡ್ ಮೇಲೆ ಉಕ್ಕಿನ ತಗಡು ಹೊಡೆದಿರುತ್ತಾರೆ. ಅದು ನಿಮ್ಮನ್ನು ತಡೆಯಲೆಂದೇ ಇರುವುದು. ಸ್ವಿಚ್ಚಿನ ನೇರ ಮೇಲೆ, ಕೆಳಗೆ ಕೊರೆಯಲೂಬೇಡಿ, ವೈರು ಆ ದಾರಿಯಲ್ಲೇ ಬಂದಿರುವುದು ಹೆಚ್ಚು. ಬಹುಮಹಡಿ ಕಟ್ಟಡಗಳಲ್ಲಿ ಸ್ಟಡ್ ಲೋಹದ್ದಿರಬಹುದು, ಅಲ್ಲಿ ಮರದ ಸ್ಕ್ರೂ ನಿಲ್ಲುವುದಿಲ್ಲ. ಮನೆ 1978ಕ್ಕಿಂತ ಹಳೆಯದಾದರೆ ಬಣ್ಣದಲ್ಲಿ ಸೀಸ ಇರಬಹುದು. ಆಗ ಕೊರೆಯುವ ಮೊದಲು ತಿಳಿದವರನ್ನು ಕೇಳಿ. ಬಾಡಿಗೆ ಮನೆಯಾದರೆ ಮಾಲೀಕರನ್ನೂ ಕೇಳಿ.

ಹಾಗಾದರೆ ಈಶಾನ್ಯದಲ್ಲೇ ಬೇಕು, ಅಲ್ಲಿ ತೂತಿಗೆ ಸರಿಯಾಗಿ ಸ್ಟಡ್ ಇಲ್ಲ ಅಂದರೆ? ಕಳೆದ ವರ್ಷ ಹಾಸನದ ಕಡೆಯವರೊಬ್ಬರ ಇಲ್ಲಿನ ಮನೆಯಲ್ಲಿ ಇದೇ ಆಯಿತು. ರಾತ್ರಿ ಎರಡು ಗಂಟೆಗೆ ದೇವರ ಶೆಲ್ಫ್ ಬಿದ್ದಿತ್ತು. ಯಾರಿಗೂ ಏಟಾಗಿರಲಿಲ್ಲ, ಆದರೆ ಅಜ್ಜಿ ಅಪಶಕುನ ಅಂತ ಊಟ ಬಿಟ್ಟು ಕೂತಿದ್ದರು. "ಅಮ್ಮ, ದೇವರಿಗೆ ಕೋಪ ಬಂದಿಲ್ಲ, ಸ್ಕ್ರೂಗೆ ಮರ ಸಿಕ್ಕಿಲ್ಲ" ಅಂತ ಹೇಳಿ, ಗೋಡೆಯ ತೂತಿನೊಳಗೆ ಬೆರಳು ಹಾಕಿ ತೋರಿಸಿದೆ. ತಾತ ಬಂದು ಗೋಡೆ ತಟ್ಟಿದರು. "ಇದೇನಪ್ಪಾ, ಗೋಡೆಯಾ ರಟ್ಟಾ?" ಅಂದರು. ಅವರು ಊರಿನಲ್ಲಿ ನಲವತ್ತು ವರ್ಷ ಮೇಸ್ತ್ರಿ ಕೆಲಸ ಮಾಡಿದವರು. ಮಗ ಇಷ್ಟು ದುಡ್ಡು ಕೊಟ್ಟು ರಟ್ಟಿನ ಮನೆ ತಗೊಂಡನಲ್ಲ ಅಂತ ಅವರ ಮುಖದಲ್ಲಿ ನಿಜವಾದ ಸಂಕಟ ಇತ್ತು.

ಅವರ ಕೈಗೆ ಮ್ಯಾಗ್ನೆಟ್ ಕೊಟ್ಟೆ. ಐದು ನಿಮಿಷದಲ್ಲಿ ಮೂರು ಸ್ಟಡ್ ಹುಡುಕಿಕೊಟ್ಟರು. ಮುಕ್ಕಾಲು ಇಂಚು ದಪ್ಪ, ನಾಲ್ಕು ಅಡಿ ಉದ್ದದ ಮರದ ಪಟ್ಟಿ ತಗೊಂಡು, ಮೂರೂ ಸ್ಟಡ್‌ಗೆ ಎರಡೆರಡು ಸ್ಕ್ರೂ ಹಾಕಿ ಗೋಡೆಗೆ ಅಡ್ಡಲಾಗಿ ಕೂರಿಸಿದೆವು. ಎರಡೂವರೆ ಇಂಚಿನ ಮರದ ಸ್ಕ್ರೂ. ಡ್ರೈವಾಲಿನ ಕಪ್ಪು ಸ್ಕ್ರೂ ಅಲ್ಲ, ಅದು ಪಟ್ಟನೆ ಮುರಿಯುತ್ತದೆ. ಪಟ್ಟಿ ಮುಕ್ಕಾಲು, ಡ್ರೈವಾಲ್ ಅರ್ಧ, ಉಳಿದ ಒಂದೂಕಾಲು ಇಂಚು ಸ್ಟಡ್ ಒಳಗೆ. ಅಷ್ಟು ಸಾಕು, ಇನ್ನೂ ಉದ್ದದ್ದು ಹಾಕಿದರೆ ವೈರಿಗೆ ತಾಗುವ ಭಯ. ಪಟ್ಟಿಗೆ ಗೋಡೆಯದೇ ಬಣ್ಣ ಬಳಿದೆವು. ಇನ್ನು ಆ ಪಟ್ಟಿಯ ಮೇಲೆ ಶೆಲ್ಫನ್ನು ಎಲ್ಲಿ ಬೇಕಾದರೂ ಸಣ್ಣ ಸ್ಕ್ರೂನಲ್ಲಿ ಹಾಕಬಹುದು. ಅಜ್ಜಿ ಹೇಳಿದ ಜಾಗಕ್ಕೇ ಬಂತು. ತಾತ ಎರಡೂ ಕೈಯಲ್ಲಿ ಜೋತುಬಿದ್ದು ನೋಡಿದರು. ಅದನ್ನು ನೀವು ಮಾಡಬೇಡಿ.

ಅಜ್ಜಿ ಸಂಜೆ ದೀಪ ಹಚ್ಚಿ ಊಟ ಮಾಡಿದರು. ತಾತ ಮ್ಯಾಗ್ನೆಟ್ ವಾಪಸ್ ಕೊಡಲಿಲ್ಲ, ನಾನೂ ಕೇಳಲಿಲ್ಲ. ಊರಿಗೆ ಹೊರಡುವ ಮೊದಲು ಇಡೀ ಮನೆಯ ಸ್ಟಡ್‌ಗಳನ್ನು ಹುಡುಕಿ, ಒಂದೊಂದಕ್ಕೂ ನೆಲದ ಹತ್ತಿರ ನೀಲಿ ಟೇಪಿನ ತುಂಡು ಅಂಟಿಸಿ ಹೋದರಂತೆ. ಮೊನ್ನೆ ಅದೇ ಮನೆಗೆ ನಲ್ಲಿ ರಿಪೇರಿಗೆ ಹೋಗಿದ್ದೆ. ಟೇಪು ಹಾಗೇ ಇದೆ.