ಗಾರ್ಗಾಯ್ಲ್: ಮುಖ ನೋಡುವ ಮೊದಲು ಬೆನ್ನು ನೋಡಿ

ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚು ಎಂದೊಡನೆ ಗಲ್ಲಕ್ಕೆ ಎರಡೂ ಕೈ ಕೊಟ್ಟು ಊರು ನೋಡುತ್ತ ಕೂತ ಕೊಂಬಿನ ಪ್ರಾಣಿ ನೆನಪಾಗುತ್ತದೆ. ಅದನ್ನೇ ಗಾರ್ಗಾಯ್ಲ್ ಎಂದು ಬರೆದುಬಿಡಬೇಡಿ. ಅದು ಕಿಮೇರಾ, 1864ಕ್ಕೆ ಮುಗಿದ ಜೀರ್ಣೋದ್ಧಾರದಲ್ಲಿ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಸೇರಿಸಿದ ಅಲಂಕಾರ. ಅದರ ಬಾಯಿಂದ ಹನಿ ನೀರೂ ಬೀಳುವುದಿಲ್ಲ. ಮಾಡಿನ ಮಳೆನೀರನ್ನು ಗೋಡೆಯಿಂದಾಚೆ ಉಗುಳುವ, ಮೃಗದ ರೂಪದ ಕಲ್ಲಿನ ದೋಣಿಯಷ್ಟೇ ಗಾರ್ಗಾಯ್ಲ್. ಆ ಫ್ರೆಂಚ್ ಪದದ ಮೂಲವೇ ಗಂಟಲು.

ನೀರಿನ ದಾರಿ ಹಿಡಿದು ಹೋಗಿ. ಸೀಸದ ತಗಡು ಹೊದಿಸಿದ ಕಡಿದಾದ ಮಾಡಿನಿಂದ ಇಳಿದ ಮಳೆನೀರು ಪ್ಯಾರಾಪೆಟ್ (ಮಾಡಿನ ಅಂಚಿನ ಗಿಡ್ಡ ಗೋಡೆ) ಹಿಂದಿನ ಕಾಲುವೆಗೆ ಬರುತ್ತದೆ. ಅಲ್ಲಿಂದ ಫ್ಲೈಯಿಂಗ್ ಬಟ್ರೆಸ್ ಎಂಬ ಆಸರೆ ಕಮಾನಿನ ನೆತ್ತಿಯಲ್ಲಿ ಕೊರೆದ ತೋಡಿನಲ್ಲಿ ಜಾರಿ, ತುದಿಯ ಗಾರ್ಗಾಯ್ಲಿನ ಬೆನ್ನಿಗೆ ಬೀಳುತ್ತದೆ. ಮೃಗದ ಬೆನ್ನುದ್ದಕ್ಕೂ ಚಾಣದಿಂದ ಕೊರೆದ ತೋಡು ಇದೆ, ಅಡಿಕೆ ಮರ ಸೀಳಿ ನೀರು ಹರಿಸಲು ಮಾಡುವ ನಮ್ಮ ಮಲೆನಾಡಿನ ದಂಬೆಯಂತೆಯೇ. ಕುತ್ತಿಗೆಯ ಬಳಿ ಅದು ತೂತಾಗಿ ಬಾಯಲ್ಲಿ ತೆರೆದುಕೊಳ್ಳುತ್ತದೆ.

ಕುತ್ತಿಗೆ ಅಷ್ಟುದ್ದ ಯಾಕೆ? ನೀರು ಗೋಡೆಗುಂಟ ಇಳಿದರೆ ಸಂದಿನ ಸುಣ್ಣದ ಗಾರೆ ತೊಳೆದುಹೋಗುತ್ತದೆ. ದೂರ ಬಿದ್ದಷ್ಟೂ ಗೋಡೆಗೆ, ಬುನಾದಿಗೆ ಕ್ಷೇಮ. ಆದರೆ ಚಾಚಿದ ಕಲ್ಲು ಕೆಳಕ್ಕೆ ಜಗ್ಗುತ್ತದೆ. ಹಾಗಾಗಿ ಅದರ ಹಿಂಭಾಗ ಗೋಡೆಯೊಳಗೆ ಆಳವಾಗಿ ಕೂತು, ಮೇಲಿನ ಕಲ್ಲುಗಳ ಭಾರ ಅದನ್ನು ಅದುಮಿ ಹಿಡಿದಿರಬೇಕು. ಸಾಲಾಗಿ ಹಲವು ಇಟ್ಟರೆ ಒಂದೊಂದರ ಧಾರೆಯೂ ತೆಳುವಾಗುತ್ತದೆ.

ಕೆಡುವುದು ಹೆಚ್ಚಾಗಿ ಗಂಟಲಿನಿಂದಲೇ. ತರಗೆಲೆ, ಹಕ್ಕಿಗೂಡು ಸಿಕ್ಕಿಕೊಂಡರೆ ನೀರು ಹಿಂದಕ್ಕೆ ನಿಂತು ಗೋಡೆಯೊಳಗೆ ಇಂಗುತ್ತದೆ. ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿ ಸುಮಾರು 9 ಶೇಕಡಾ ಹಿಗ್ಗಿ ಕಲ್ಲನ್ನು ಸೀಳುತ್ತದೆ. ಮಳೆ ತೊಳೆಯದ ದವಡೆಯ ಅಡಿಯಲ್ಲಿ ಮತ್ತೊಂದು ರೋಗ: ಹೊಗೆಯ ಗಂಧಕ ಸುಣ್ಣಕಲ್ಲಿನ ಮೈಯನ್ನು ಜಿಪ್ಸಮ್ ಮಾಡಿ ಕಪ್ಪು ಹಕ್ಕಳೆ ಕಟ್ಟುತ್ತದೆ, ಅದು ಉದುರುವಾಗ ಕೆತ್ತನೆಯನ್ನೂ ಎಳೆದುಕೊಂಡು ಹೋಗುತ್ತದೆ. ಬಿರುಕಿಗೆ ಸಿಮೆಂಟ್ ಮೆತ್ತುವುದು ಎಲ್ಲಕ್ಕಿಂತ ಕೆಟ್ಟ ರಿಪೇರಿ. ಸಿಮೆಂಟು ತೇವವನ್ನು ಹೊರಬಿಡದು, ತೇವ ಪಕ್ಕದ ಮೆದುಕಲ್ಲಿನಿಂದ ಹೊರಟು ಅದನ್ನೇ ಪುಡಿ ಮಾಡುತ್ತದೆ. ಸುಣ್ಣದ ಗಾರೆಯೇ ಸರಿ. ತುಕ್ಕು ಹಿಡಿದು ಉಬ್ಬುವ ಕಬ್ಬಿಣದ ಕೊಂಡಿಯ ಬದಲು ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಕು.

ನಮ್ಮ ಗುಡಿಗಳ ಮಕರಮುಖದ ಪ್ರಣಾಲಕ್ಕೂ ಇದಕ್ಕೂ ರೂಪದಲ್ಲಿ ಹೋಲಿಕೆ ಇದೆ. ಆದರೆ ಅದು ಹೊರಹಾಕುವುದು ಗರ್ಭಗುಡಿಯ ಅಭಿಷೇಕದ ನೀರನ್ನು. ಎರಡನ್ನೂ ಬೆರೆಸಬೇಡಿ.

ಮಾಡಿನಿಂದ ಗಾರ್ಗಾಯ್ಲ್ ಬಾಯಿಗೆ ಬರುವ ನೀರಿನ ದಾರಿ ಎಷ್ಟು ಪಕ್ಕಾ ಎಂಬುದಕ್ಕೆ ಫ್ರಾನ್ಸಿನದೇ ರೀಮ್ಸ್ ಚರ್ಚು ಸಾಕ್ಷಿ. 1914ರ ಸೆಪ್ಟೆಂಬರಿನಲ್ಲಿ ಜರ್ಮನ್ ಶೆಲ್ ದಾಳಿಗೆ ಮಾಡು ಹೊತ್ತಿ ಉರಿದಾಗ ಕರಗಿದ ಸೀಸವೂ ಮಳೆನೀರಿನಂತೆಯೇ ಗಾರ್ಗಾಯ್ಲ್‌ಗಳಿಗೆ ಬಂತು. ಬಾಯಲ್ಲಿ ಸೀಸ ಗಟ್ಟಿಯಾಗಿ ನಿಂತ ಆ ಕಲ್ಲುಗಳನ್ನು ಇವತ್ತಿಗೂ ಕಾಪಾಡಿ ಇಡಲಾಗಿದೆ.