ಹಸಿರಾಗಿ ಹುಟ್ಟಿ ಕೆಂಪಾಗುವ ಎಲೆ

ಮಾವಿನ ಚಿಗುರು ಮೊದಲು ತಾಮ್ರದ ಬಣ್ಣದಲ್ಲಿರುತ್ತದೆ, ಬಲಿತಂತೆ ಹಸಿರಾಗುತ್ತದೆ. ಅರಳಿ ಮರದ್ದೂ ಹಾಗೇ. ಕ್ರೋಟನ್ ಗಿಡದ್ದು ಇದಕ್ಕೆ ತದ್ವಿರುದ್ಧ. ಚಿಗುರುವಾಗ ಹಸಿರು, ಹಳದಿ. ಆಮೇಲೆ ನಿಧಾನಕ್ಕೆ ಕಿತ್ತಳೆ, ಕೆಂಪು. ಕೆಲವು ತಳಿಗಳಲ್ಲಿ ಕೊನೆಗೆ ಕಪ್ಪು ಎನ್ನುವಷ್ಟು ಗಾಢ ನೇರಳೆ. ಒಂದು ಕೊಂಬೆಯನ್ನು ತುದಿಯಿಂದ ಬುಡದವರೆಗೆ ನೋಡಿ, ಯಾವ ಎಲೆ ಎಳೆಯದು, ಯಾವುದು ಹಳೆಯದು ಅಂತ ಬಣ್ಣವೇ ಹೇಳಿಬಿಡುತ್ತದೆ.

ನಮ್ಮ ಕಡೆ ಇದಕ್ಕೆ ಸುಮ್ನೆ 'ಶೋ ಗಿಡ' ಅಂತಾರೆ. ಬೇಲಿಯ ಸಾಲಿನಲ್ಲಿ, ಶಾಲೆಯ ಅಂಗಳದಲ್ಲಿ ಯಾರೂ ವಿಶೇಷವಾಗಿ ನೋಡಿಕೊಳ್ಳದೆಯೂ ಚೆನ್ನಾಗಿ ಬೆಳೆಯುತ್ತದೆ. ಅದೇ ಗಿಡ ಮನೆಯೊಳಗೆ ಬಂದರೆ ಸೊರಗುತ್ತದೆ. ನಮ್ಮ ಮನೆಯಲ್ಲೂ ಹೀಗೇ ಆಯಿತು. ಬೆಂಕಿಯ ಬಣ್ಣದ ಒಂದು ಕ್ರೋಟನ್ ತಂದು ಹಾಲ್‌ನಲ್ಲಿ, ಸೋಫಾ ಪಕ್ಕ ಇಟ್ಟಿದ್ದೆ. ಹತ್ತೇ ದಿನದಲ್ಲಿ ಕೆಳಗಿನ ಎಲೆಗಳೆಲ್ಲ ಉದುರಿದವು. ತುದಿಯಲ್ಲಿ ಆರೇಳು ಎಲೆ ಉಳಿದವು, ಅಷ್ಟೇ. ಎರಡು ತಿಂಗಳ ಮೇಲೆ ಬಂದ ಹೊಸ ಎಲೆಗಳು ಬರೀ ಹಸಿರು. "ನೀರು ಸಾಲ್ತಿಲ್ಲ ಕಣೇ" ಅಂದರು ಅಮ್ಮ. ಇನ್ನೂ ಜಾಸ್ತಿ ನೀರು ಹಾಕಿದೆ. ಗಿಡಕ್ಕೆ ಬೇಕಾಗಿದ್ದದ್ದು ನೀರಲ್ಲ, ಬೆಳಕು.

ಎಲೆಯ ಬಣ್ಣದ ಲೆಕ್ಕ ನೋಡಿದರೆ ಇದು ಅರ್ಥವಾಗುತ್ತದೆ. ಹಸಿರು ಬಣ್ಣ ಕ್ಲೋರೋಫಿಲ್‌ನದು. ಬಿಸಿಲು ಹಿಡಿದು ಗಿಡಕ್ಕೆ ಅಡುಗೆ ಮಾಡುವುದು ಅದೇ. ಹಳದಿ ಮತ್ತು ಕಿತ್ತಳೆ, ಕ್ಯಾರೊಟಿನಾಯ್ಡ್‌ಗಳ ಬಣ್ಣ. ಕ್ಯಾರೆಟ್ಟಿಗೂ ಬಣ್ಣ ಕೊಡುವುದು ಅವೇ. ಕೆಂಪು, ನೇರಳೆ ಬರುವುದು ಆಂಥೋಸಯನಿನ್‌ನಿಂದ. ನೇರಳೆ ಹಣ್ಣು ತಿಂದಾಗ ನಾಲಿಗೆಗೆ ಮೆತ್ತಿಕೊಳ್ಳುತ್ತದಲ್ಲ, ಆ ಜಾತಿಯ ಬಣ್ಣ. ಕ್ರೋಟನ್ ಎಲೆಯಲ್ಲಿ ಹಳದಿ ಕಾಣುವ ಕಡೆ ಕ್ಲೋರೋಫಿಲ್ ತೀರಾ ಕಡಿಮೆ. ಅಂದರೆ ಅಷ್ಟು ಜಾಗ ನೋಡಲು ಚಂದ, ಅಡುಗೆಗೆ ಮಾತ್ರ ಹೆಚ್ಚು ಪ್ರಯೋಜನವಿಲ್ಲ. ಇಂಥ ಎಲೆ ಹೊತ್ತ ಗಿಡಕ್ಕೆ ಬರೀ ಹಸಿರು ಗಿಡಕ್ಕಿಂತ ಬೆಳಕು ಜಾಸ್ತಿಯೇ ಬೇಕು. ಬೆಳಕು ಕಮ್ಮಿಯಾದರೆ ಹೊಸ ಎಲೆಯಲ್ಲಿ ಕ್ಲೋರೋಫಿಲ್ ಹೆಚ್ಚುತ್ತದೆ, ಆಂಥೋಸಯನಿನ್ ಇಳಿಯುತ್ತದೆ. ಮೊದಲು ಹೊಟ್ಟೆಪಾಡು, ಆಮೇಲೆ ಅಲಂಕಾರ. ಕಿಟಕಿ ಪಕ್ಕದ ಕುಂಡದಲ್ಲಿ ಬಿಸಿಲಿನ ಕಡೆಯ ಎಲೆಗಳು ಕೆಂಪಗಿದ್ದು, ಗೋಡೆ ಕಡೆಯವು ಹಸಿರಾಗಿ ಉಳಿಯುವುದೂ ಇದಕ್ಕೇ.

"ನಮ್ಮ ಹಾಲ್‌ನಲ್ಲಿ ಬೇಕಾದಷ್ಟು ಬೆಳಕಿದೆಯಲ್ಲ" ಎಂದು ನಿಮಗೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ಆದರೆ ಈ ವಿಷಯದಲ್ಲಿ ಕಣ್ಣನ್ನು ನಂಬುವ ಹಾಗಿಲ್ಲ. ಬೆಳಕನ್ನು ಅಳೆಯುವ ಮಾನ ಲಕ್ಸ್. ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಹೊರಗಿನ ತಂಪು ನೆರಳಿನಲ್ಲೂ 10,000 ಲಕ್ಸ್ ಆಸುಪಾಸು ಇರುತ್ತದೆ. ಹಾಲ್‌ನ ನಡುವೆ ಎಷ್ಟೋ ಸಲ ಬರೀ 100ರಿಂದ 300. ಕಣ್ಣು ಪಾಪೆಯನ್ನು ಹಿಗ್ಗಿಸಿ, ರೆಟಿನಾವನ್ನು ಹೊಂದಿಸಿಕೊಂಡು ಇಷ್ಟು ದೊಡ್ಡ ವ್ಯತ್ಯಾಸವನ್ನು ಮುಚ್ಚಿಬಿಡುತ್ತದೆ. ಎಲೆಗೆ ಆ ಅನುಕೂಲವಿಲ್ಲ. ಅದಕ್ಕೆ ಬಿದ್ದಷ್ಟೇ ಬೆಳಕು, ಅಷ್ಟಕ್ಕೇ ಊಟ.

ಒಂದು ಸುಲಭ ಪರೀಕ್ಷೆ ಇದೆ. ಮಧ್ಯಾಹ್ನದ ಹೊತ್ತಿಗೆ ಗಿಡ ಇಡುವ ಜಾಗದಲ್ಲಿ ಬಿಳಿ ಹಾಳೆ ಹರಡಿ, ಒಂದಡಿ ಮೇಲೆ ಕೈ ಹಿಡಿಯಿರಿ. ಬೆರಳುಗಳು ಬಿಡಿಬಿಡಿಯಾಗಿ, ಅಂಚು ಸ್ಪಷ್ಟವಾಗಿ ಕಾಣುವ ನೆರಳು ಬಿದ್ದರೆ ಕ್ರೋಟನ್‌ಗೆ ಆ ಜಾಗ ಒಗ್ಗುತ್ತದೆ. ನೆರಳು ಮಸುಕಾಗಿದ್ದರೆ ಬದುಕೀತು, ಬಣ್ಣ ಬರಲಾರದು. ನೆರಳೇ ಬೀಳದಿದ್ದರೆ ಅಲ್ಲಿ ಇಡಬೇಡಿ. ಬೆಳಗಿನ ಬಿಸಿಲು ಎರಡು ಮೂರು ಗಂಟೆ ಬೀಳುವ ಪೂರ್ವದ ಕಿಟಕಿಯೋ ಬಾಲ್ಕನಿಯೋ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಒಳಗಿದ್ದ ಗಿಡವನ್ನು ಒಮ್ಮೆಲೇ ಸುಡು ಬಿಸಿಲಿಗೆ ಮಾತ್ರ ಇಡಬಾರದು, ಎಲೆ ಕಂದುತ್ತದೆ. ವಾರ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಬಿಸಿಲಿನ ಕಡೆ ಸರಿಸಿ.

ಇನ್ನು ಎಲೆ ಉದುರುವ ವಿಷಯ. ತಂದ ಹೊಸತರಲ್ಲಿ ಎಲೆ ಉದುರಿದರೆ ಗಿಡ ಸತ್ತೇಹೋಯಿತು ಎಂದು ಎಷ್ಟೋ ಜನ ಎಸೆದುಬಿಡುತ್ತಾರೆ. ಇದನ್ನು ಕಂಡರೆ ನನಗೆ ನಿಜಕ್ಕೂ ಸಂಕಟ. ಉದುರಿದ ಎಲೆಯ ತೊಟ್ಟಿನ ತುದಿಯನ್ನು ಒಮ್ಮೆ ಹತ್ತಿರ ಹಿಡಿದು ನೋಡಿ. ಹರಿದ ಗುರುತಿಲ್ಲ, ನಾರು ಜೋತಾಡುವುದಿಲ್ಲ, ಯಾರೋ ಬ್ಲೇಡಿನಲ್ಲಿ ಕತ್ತರಿಸಿದಷ್ಟು ಅಚ್ಚುಕಟ್ಟು. ತೊಟ್ಟು ಕಾಂಡಕ್ಕೆ ಸೇರುವಲ್ಲಿ ತೆಳುವಾದ ಒಂದು ಪದರವಿದೆ. ಎಲೆ ಗಟ್ಟಿಮುಟ್ಟಾಗಿ ಇರುವವರೆಗೆ ಅದರಿಂದ ಆಕ್ಸಿನ್ ಎಂಬ ಹಾರ್ಮೋನು ಕಾಂಡದ ಕಡೆ ಹರಿಯುತ್ತಿರುತ್ತದೆ. ಆ ಹರಿವು ತಗ್ಗಿದಾಗ ಪದರದ ಮೇಲೆ ಎಥಿಲೀನ್ ಅನಿಲದ ಕೈ ಮೇಲಾಗುತ್ತದೆ. ಬಾಳೆಹಣ್ಣು ಮಾಗಿಸುವ ಎಥಿಲೀನೇ ಇದು. ಕೋಶಗಳನ್ನು ಬೆಸೆದಿಟ್ಟ ಅಂಟು ಕರಗಿ ಎಲೆ ಕಳಚುತ್ತದೆ, ಗಾಯದ ಜಾಗ ಮುಚ್ಚಿಕೊಳ್ಳುತ್ತದೆ. ಸಾಕಲಾಗದ ಎಲೆಯನ್ನು ಗಿಡವೇ ಕಳಚಿ ಹಾಕುವ ಕ್ರಮ ಇದು.

ಹಾಗಾಗಿ ಎಸೆಯುವ ಮುಂಚೆ ಕಾಂಡವನ್ನು ಉಗುರಿನಿಂದ ತುಸು ಕೆರೆದು ನೋಡಿ. ಒಳಗೆ ಹಸಿರು, ಹಸಿ ಇದ್ದರೆ ಜೀವ ಇದೆ. ನಮ್ಮ ಗಿಡ ಇದ್ದದ್ದೂ ಅದೇ ಸ್ಥಿತಿಯಲ್ಲಿ. ಬಾಲ್ಕನಿಗೆ ಒಯ್ದಿಟ್ಟೆ, ನೀರು ಕಮ್ಮಿ ಮಾಡಿದೆ. ಆರನೇ ವಾರಕ್ಕೆ ಬೋಳು ಕಾಂಡದ ಗಿಣ್ಣುಗಳಲ್ಲಿ ಕಡಲೆ ಗಾತ್ರದ ಚಿಗುರು ಮೊಗ್ಗುಗಳು ಎದ್ದವು.

ಮೇಲಿನ ಒಂದಂಗುಲ ಮಣ್ಣು ಬೆರಳಿಗೆ ಒಣಗಿದಂತೆ ಸಿಕ್ಕರೆ ನೀರು ಹಾಕಿ, ಕುಂಡದ ತೂತಿನಿಂದ ಇಳಿಯುವಷ್ಟು. ಇಲ್ಲದಿದ್ದರೆ ಬೇಡ. ಬೇರಿಗೂ ಉಸಿರಾಟಕ್ಕೆ ಆಮ್ಲಜನಕ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಬೇರು ಕೊಳೆತರೆ ಮೇಲೆ ನೀರು ಹೋಗುವುದಿಲ್ಲ, ಎಲೆ ಜೋಲುತ್ತದೆ. ಬಾಯಾರಿದೆ ಎಂದುಕೊಂಡು ನಾವು ಮತ್ತೆ ನೀರು ಹಾಕುತ್ತೇವೆ, ಅಲ್ವಾ? ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿದರೆ ನೀರು ನಿಲ್ಲದೆ ಇಳಿಯುತ್ತದೆ. ಎಸಿ ಇರುವ ಒಣ ಕೋಣೆಯಲ್ಲಿ ಎಲೆಯಡಿ ನುಸಿ ಕಾಟ ಜಾಸ್ತಿ. ವಾರಕ್ಕೊಮ್ಮೆ ಎರಡೂ ಬದಿ ನೀರಿನಲ್ಲಿ ತೊಳೆಯಿರಿ. ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಸವರಬೇಡಿ, ಧೂಳು ಅಂಟುತ್ತದೆ.

ಈ ಗಿಡದ ತವರು ಇಂಡೋನೇಷ್ಯಾದ ಮಲುಕು ದ್ವೀಪಗಳು ಮತ್ತು ಅದರ ಸುತ್ತಲಿನ ಬಿಸಿ, ಒದ್ದೆ ಸೀಮೆ. ರಾತ್ರಿಯ ಚಳಿ 12 ಡಿಗ್ರಿಗಿಂತ ಕೆಳಗಿಳಿದರೆ ಇದಕ್ಕೆ ಆಗದು. ಅಲ್ಲಿನ ಅಂಬೋನ್ ದ್ವೀಪದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದ ಸಸ್ಯತಜ್ಞ ರುಂಫಿಯಸ್, 1670ರಲ್ಲಿ ಕಣ್ಣು ಕಳೆದುಕೊಂಡ ಮೇಲೂ ಅಲ್ಲಿನ ಗಿಡಮರಗಳ ವಿವರಗಳನ್ನು ಬರೆಸುತ್ತಲೇ ಇದ್ದರು. ಕ್ರೋಟನ್‌ನ ಇವತ್ತಿನ ಶಾಸ್ತ್ರೀಯ ಹೆಸರು ಕೋಡಿಯಮ್. ಅದು ಅವರು ಕೊಟ್ಟದ್ದು, ಮೂಲದಲ್ಲಿ ಅಲ್ಲಿಯ ಜನರ ಮಾತು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಕ್ರೋಟನ್ ಕುಲಕ್ಕೆ ಸೇರಿಸಿದರು. ಆಮೇಲೆ ಸಸ್ಯವಿಜ್ಞಾನಿಗಳು ಅಲ್ಲಿಂದ ಬಿಡಿಸಿದರೂ ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿತು. ನಿಜವಾದ ಕ್ರೋಟನ್ ಕುಲದಲ್ಲಿ ನಮಗೆ ಗೊತ್ತಿರುವುದು ಜಾಪಾಳ. ಎರಡೂ ಹರಳು, ಮರಗೆಣಸು, ರಬ್ಬರ್‌ಗಳ ಕುಟುಂಬದವೇ. ಕೊಂಬೆ ಕತ್ತರಿಸಿದರೆ ಸೊನೆ ಬರುತ್ತದೆ. ಅದು ಕೆಲವರ ಚರ್ಮಕ್ಕೆ ಉರಿ ತರಿಸುತ್ತದೆ, ಬಟ್ಟೆಗೆ ಕಲೆ ಮಾಡುತ್ತದೆ. ಎಲ್ಲವನ್ನೂ ಬಾಯಿಗಿಡುವ ಪುಟ್ಟ ಮಕ್ಕಳು, ನಾಯಿ ಬೆಕ್ಕುಗಳು ಇರುವ ಮನೆಯಲ್ಲಿ ಎತ್ತರದಲ್ಲಿಡಿ.

ಗಿಡ ಚೇತರಿಸಿಕೊಂಡ ಮೇಲೂ ಬುಡ ಬೋಳಾಗಿಯೇ ಉಳಿಯಬಹುದು. ಆಗ ಮಳೆಗಾಲದಲ್ಲಿ ಗೂಟಿ ಕಟ್ಟಬೇಕು, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಬೇಕು. ತುದಿಯಿಂದ ಒಂದಡಿ ಕೆಳಗೆ, ಸುತ್ತಲೂ ಒಂದಂಗುಲ ಅಗಲದ ತೊಗಟೆ ಉಂಗುರ ತೆಗೆಯಿರಿ. ಸೊನೆ ಒರೆಸಿ, ಹಿಂಡಿದ ತೆಂಗಿನ ನಾರಿನ ಪುಡಿ ಇಟ್ಟು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ. ನೀರು ಒಳಗಿನ ಕಟ್ಟಿಗೆಯ ಮೂಲಕ ಮೇಲೇರುವುದರಿಂದ ತುದಿ ಬಾಡುವುದಿಲ್ಲ. ಎಲೆಗಳಲ್ಲಿ ತಯಾರಾದ ಸಕ್ಕರೆ, ಆಕ್ಸಿನ್ ಇಳಿಯುವುದು ತೊಗಟೆಯ ದಾರಿಯಲ್ಲಿ. ದಾರಿ ಕಡಿದದ್ದರಿಂದ ಅವು ಉಂಗುರದ ಮೇಲಂಚಿನಲ್ಲಿ ಬಂದು ಸೇರುತ್ತವೆ, ಬೇರು ಹುಟ್ಟುವುದೂ ಅಲ್ಲೇ. ಬೀಜದಿಂದ ಎಬ್ಬಿಸಿದ ಸಸಿಯಲ್ಲಿ ತಾಯಿಯ ಬಣ್ಣವೇ ಬರುತ್ತದೆ ಎನ್ನುವಂತಿಲ್ಲ, ಗೂಟಿಯಲ್ಲಿ ಅದೇ ಬಣ್ಣ. ನಮ್ಮದರಲ್ಲಿ ಐದನೇ ವಾರಕ್ಕೆ ಪ್ಲಾಸ್ಟಿಕ್ಕಿನೊಳಗೆ ದಾರದಂಥ ಬಿಳಿ ಬೇರುಗಳು ಕಂಡವು. ಕೆಳಗೆ ಕತ್ತರಿಸಿ ಬೇರೆ ಕುಂಡದಲ್ಲಿಟ್ಟೆ. ಅದೀಗ ಅಮ್ಮನ ಮನೆಯ ಪೂರ್ವದ ಕಿಟಕಿಯಲ್ಲಿದೆ, ಎಲೆಗಳು ಕಿತ್ತಳೆಗೆ ತಿರುಗುತ್ತಿವೆ.