ಅಪೆಂಡಿಕ್ಸ್ ಕ್ಯಾನ್ಸರ್: ಆಪರೇಷನ್ ಮುಗಿದ ಮೇಲೆ ಗೊತ್ತಾಗುವ ಕಾಯಿಲೆ

ಅಪೆಂಡಿಕ್ಸ್‌ನಲ್ಲಿ ಗಡ್ಡೆ ಇದೆಯೆಂದು ಆಪರೇಷನ್‌ಗೆ ಮುಂಚೆಯೇ ತಿಳಿಯುವುದು ಅಪರೂಪ. ಹೊಟ್ಟೆಯ ಬಲಗಡೆ ಕೆಳಗೆ ನೋವು, ಜ್ವರ, ವಾಂತಿ. ಅಪೆಂಡಿಸೈಟಿಸ್ ಎಂದು ತೆಗೆಯುತ್ತಾರೆ, ರೋಗಿ ಮನೆಗೆ ಹೋಗುತ್ತಾರೆ. ಕೆಲವು ದಿನ ಬಿಟ್ಟು ಬಯಾಪ್ಸಿ ರಿಪೋರ್ಟ್ ಬಂದಾಗ ವಿಷಯವೇ ಬೇರೆ. ಹೀಗೆ ತೆಗೆದ ನೂರು ಅಪೆಂಡಿಕ್ಸ್‌ಗಳಲ್ಲಿ ಸುಮಾರು ಒಂದರಲ್ಲಿ ಗಡ್ಡೆ ಸಿಗುತ್ತದೆ. ಆದ್ದರಿಂದ ಈ ಕಾಯಿಲೆಯ ಬಗ್ಗೆ ನಮಗಿರುವ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಸೂಕ್ಷ್ಮದರ್ಶಕದ ಮುಂದೆ ಕುಳಿತ ಪೆಥಾಲಜಿಸ್ಟ್‌ಗಳದ್ದು.

ವಿಯೆನ್ನಾದ ಕಾರ್ಲ್ ರೊಕಿಟಾನ್ಸ್ಕಿ 1842ರಲ್ಲೇ ಲೋಳೆ ತುಂಬಿ ಉಬ್ಬಿದ ಅಪೆಂಡಿಕ್ಸನ್ನು ವರ್ಣಿಸಿದ್ದ. 1882ರಲ್ಲಿ ಬೇಗರ್ ಎಂಬ ಜರ್ಮನ್ ವೈದ್ಯ ಅಪೆಂಡಿಕ್ಸ್‌ನಲ್ಲೇ ಹುಟ್ಟಿದ ಕ್ಯಾನ್ಸರನ್ನು ಮೊದಲ ಬಾರಿಗೆ ವರದಿ ಮಾಡಿದ. ಬಾಸ್ಟನ್‌ನ ರೆಜಿನಾಲ್ಡ್ ಫಿಟ್ಜ್ ಅಪೆಂಡಿಸೈಟಿಸ್‌ಗೆ ಆ ಹೆಸರು ಕೊಟ್ಟದ್ದು 1886ರಲ್ಲಿ, ಅಂದರೆ ಅದಾದ ನಾಲ್ಕು ವರ್ಷಕ್ಕೆ.

ಮುಂದಿನ ದೊಡ್ಡ ಹೆಜ್ಜೆ ಮ್ಯೂನಿಕ್‌ನ ಪೆಥಾಲಜಿಸ್ಟ್ ಜೀಗ್‌ಫ್ರೀಡ್ ಓಬರ್ನ್‌ಡಾರ್ಫರ್‌ನದು. ಸಣ್ಣ ಕರುಳಿನಲ್ಲಿ ಕಂಡ ಪುಟ್ಟ ಗಡ್ಡೆಗಳು ನೋಡಲು ಕ್ಯಾನ್ಸರಿನಂತಿದ್ದರೂ ನಿಧಾನವಾಗಿ ಬೆಳೆಯುತ್ತವೆ, ಹರಡುವುದಿಲ್ಲ ಎಂದು ವಾದಿಸಿ 1907ರಲ್ಲಿ ಅವನ್ನು ಕಾರ್ಸಿನಾಯ್ಡ್ (ಕ್ಯಾನ್ಸರಿನಂಥದ್ದು) ಎಂದು ಕರೆದ. 1929ರಲ್ಲಿ ಅವನೇ ತನ್ನ ಮಾತನ್ನು ತಿದ್ದಿಕೊಂಡು, ಇವುಗಳಲ್ಲಿ ಕೆಲವು ಹರಡುತ್ತವೆ ಎಂದು ಬರೆದ. ಆ ಪ್ರಾಮಾಣಿಕತೆ ದೊಡ್ಡದು. ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ನಾಜಿ ಆಡಳಿತ ಅವನನ್ನು ಕೆಲಸದಿಂದ ತೆಗೆಯಿತು. ಇಸ್ತಾಂಬುಲ್‌ಗೆ ಹೋಗಿ ಅಲ್ಲೇ ಪಾಠ ಹೇಳುತ್ತಾ 1944ರಲ್ಲಿ ತೀರಿಕೊಂಡ.

ಇಂದು ಕಾರ್ಸಿನಾಯ್ಡನ್ನು ನ್ಯೂರೋಎಂಡೋಕ್ರೈನ್ ಗಡ್ಡೆ, ಅಂದರೆ ಹಾರ್ಮೋನ್ ಸ್ರವಿಸುವ ಕೋಶಗಳಿಂದ ಹುಟ್ಟುವ ಗಡ್ಡೆ, ಎನ್ನುತ್ತಾರೆ. ಅಪೆಂಡಿಕ್ಸ್‌ನಲ್ಲೂ ಅದು ಹುಟ್ಟುತ್ತದೆ, ಹೆಚ್ಚಾಗಿ ತುದಿಯಲ್ಲೇ; ಯುವಜನರಲ್ಲೂ ಕಾಣುತ್ತದೆ. ಯಾವುದು ಅಪಾಯಕಾರಿ ಎಂಬುದಕ್ಕೆ ಗಟ್ಟಿ ಉತ್ತರ ಬಂದದ್ದು 1987ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯಿಂದ. ಅಲ್ಲಿ 150 ರೋಗಿಗಳನ್ನು ದೀರ್ಘಕಾಲ ಹಿಂಬಾಲಿಸಿದರು. ಗಡ್ಡೆ 2 ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದ 127 ಜನರಲ್ಲಿ ಒಬ್ಬರಿಗೂ ಅದು ಬೇರೆಡೆ ಹರಡಲಿಲ್ಲ. 3 ಸೆಂಟಿಮೀಟರ್ ಅಥವಾ ಮೇಲಿದ್ದ ಒಂಬತ್ತು ಜನರಲ್ಲಿ ನಾಲ್ವರಿಗೆ ಹರಡಿತು. ಒಂದರಿಂದ ಎರಡು ಸೆಂಟಿಮೀಟರಿನ ಗಡ್ಡೆ ಕಂಡರೆ ಬಲಭಾಗದ ದೊಡ್ಡ ಕರುಳನ್ನೂ ಕತ್ತರಿಸಬೇಕೇ ಎಂಬ ಚರ್ಚೆ ಆಮೇಲೂ ಮುಂದುವರಿಯಿತು. 2023ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನ ಅದರಿಂದ ಹೆಚ್ಚಿನ ಲಾಭವಿಲ್ಲವೆಂದು ಹೇಳಿದ ಮೇಲೆ ಎಷ್ಟೋ ಜನರ ಕರುಳು ಉಳಿದಿರಬೇಕು.

ಲೋಳೆ ತುಂಬಿದ, ಬಟ್ಟಲಿನಾಕಾರದ ಕೋಶಗಳಿರುವ ಗೋಬ್ಲೆಟ್ ಸೆಲ್ ಗಡ್ಡೆಯದು ಇದಕ್ಕೆ ತದ್ವಿರುದ್ಧ ಕಥೆ. ಬಹಳ ವರ್ಷ ಅದನ್ನು ಕಾರ್ಸಿನಾಯ್ಡ್ ಗುಂಪಿನಲ್ಲೇ ಸೇರಿಸಿದ್ದರು. ಆದರೆ ಅದರ ನಡವಳಿಕೆ ಅಷ್ಟು ಸೌಮ್ಯವಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಅದನ್ನು ಅಡಿನೋಕಾರ್ಸಿನೋಮಾ, ಅಂದರೆ ಗ್ರಂಥಿಕೋಶಗಳ ಕ್ಯಾನ್ಸರ್, ಸಾಲಿಗೆ ಸೇರಿಸಿತು. ಅದಕ್ಕೂ ಸಾಮಾನ್ಯ ಅಡಿನೋಕಾರ್ಸಿನೋಮಾಕ್ಕೂ ಚಿಕಿತ್ಸೆ ಬಹುಮಟ್ಟಿಗೆ ದೊಡ್ಡ ಕರುಳಿನ ಕ್ಯಾನ್ಸರಿನ ದಾರಿಯಲ್ಲೇ ಸಾಗುತ್ತದೆ.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ಸ್ಯೂಡೋಮಿಕ್ಸೋಮಾ. ಅಪೆಂಡಿಕ್ಸ್‌ನ ಒಳಗೋಡೆಯಲ್ಲಿ ಲೋಳೆ ಸುರಿಸುವ ಸಣ್ಣ ಗಡ್ಡೆ ಹುಟ್ಟಿ, ಬಾಯಿ ಕಟ್ಟಿ, ಒತ್ತಡಕ್ಕೆ ಅಪೆಂಡಿಕ್ಸ್ ಒಡೆಯುತ್ತದೆ. ಲೋಳೆಯ ಜೊತೆ ಗಡ್ಡೆಯ ಕೋಶಗಳೂ ಹೊಟ್ಟೆಯೊಳಗೆ ಚೆಲ್ಲುತ್ತವೆ. ಸದಾ ಚಲಿಸುವ ಸಣ್ಣ ಕರುಳಿಗೆ ಅವು ಸುಲಭವಾಗಿ ಅಂಟುವುದಿಲ್ಲ. ವಪೆಯ ಕೆಳಗೆ, ಕರುಳಿನ ಮೇಲಿನ ಕೊಬ್ಬಿನ ಪದರದಲ್ಲಿ, ಕಿಬ್ಬೊಟ್ಟೆಯ ತಳದಲ್ಲಿ ಕೂರುತ್ತವೆ. ರಕ್ತದ ಮೂಲಕ ಲಿವರಿಗೋ ಶ್ವಾಸಕೋಶಕ್ಕೋ ಹೋಗುವುದು ಕಡಿಮೆ. ಸರ್ಜನ್ ಹೊಟ್ಟೆ ತೆರೆದರೆ ಲೋಳೆಸರದ ತಿರುಳಿನಂಥದ್ದು ಎಲ್ಲೆಲ್ಲೂ ತುಂಬಿರುತ್ತದೆ. ರೋಗಿಗೆ ಗೊತ್ತಾಗುವುದು ಇಷ್ಟೇ: ತೂಕ ಹೆಚ್ಚದಿದ್ದರೂ ಪ್ಯಾಂಟ್ ಬಿಗಿಯಾಗುತ್ತದೆ, ಹೊಸದಾಗಿ ಹರ್ನಿಯಾ ಕಾಣಿಸುತ್ತದೆ. ಹೆಂಗಸರಲ್ಲಿ ಅಂಡಾಶಯದ ಗಡ್ಡೆಯೆಂದೇ ಎಷ್ಟೋ ಸಲ ಸ್ಕ್ಯಾನ್ ಹೇಳುತ್ತದೆ. 1884ರಲ್ಲಿ ವೆರ್ತ್ ಎಂಬ ಜರ್ಮನ್ ವೈದ್ಯ ಈ ಕಾಯಿಲೆಗೆ ಹೆಸರಿಟ್ಟಾಗಲೂ ಅಂಡಾಶಯವನ್ನೇ ದೂರಿದ್ದ. 1901ರಲ್ಲಿ ಫ್ರೆಂಕೆಲ್ ಎಂಬ ಇನ್ನೊಬ್ಬ ವೈದ್ಯ ಅಪೆಂಡಿಕ್ಸ್‌ನತ್ತ ಬೆರಳು ತೋರಿದ. ನಟಿ ಆಡ್ರಿ ಹೆಪ್‌ಬರ್ನ್ 1993ರ ಜನವರಿಯಲ್ಲಿ ತೀರಿಕೊಂಡದ್ದು ಇದೇ ಬಗೆಯ ಕಾಯಿಲೆಯಿಂದ.

ದಶಕಗಳ ಕಾಲ ಇದಕ್ಕೆ ಇದ್ದ ಉಪಾಯವೆಂದರೆ ತುಂಬಿದಾಗಲೆಲ್ಲ ಹೊಟ್ಟೆ ತೆರೆದು ಲೋಳೆ ಬಾಚಿ ತೆಗೆಯುವುದು. ಹೀಗೆ ಚಿಕಿತ್ಸೆ ಪಡೆದ 56 ಜನರ ಲೆಕ್ಕವನ್ನು ಮೇಯೋ ಕ್ಲಿನಿಕ್ 1994ರಲ್ಲಿ ಪ್ರಕಟಿಸಿತು. ಹತ್ತು ವರ್ಷ ಬದುಕಿದವರು ಶೇ. 32. ಅಷ್ಟರಲ್ಲಿ ವಾಷಿಂಗ್ಟನ್‌ನ ಸರ್ಜನ್ ಪಾಲ್ ಶುಗರ್‌ಬೇಕರ್ ಬೇರೆ ದಾರಿ ಹಿಡಿದಿದ್ದರು: ಗಡ್ಡೆ ಅಂಟಿದ ಒಳಪೊರೆಯನ್ನೇ ಸುಲಿದು ತೆಗೆದು, ಸುಮಾರು 42 ಡಿಗ್ರಿಗೆ ಕಾಯಿಸಿದ ಕೀಮೋ ದ್ರವವನ್ನು ಒಂದು, ಒಂದೂವರೆ ಗಂಟೆ ಹೊಟ್ಟೆಯೊಳಗೆ ಹರಿಸುವುದು. ಬಿಸಿ ಕೀಮೋವನ್ನು 1980ರಲ್ಲೇ ಅಮೆರಿಕದ ಲೂಯಿವಿಲ್‌ನಲ್ಲಿ ಮೊದಲು ಪ್ರಯೋಗಿಸಿದ್ದೂ ಸ್ಯೂಡೋಮಿಕ್ಸೋಮಾ ರೋಗಿಯ ಮೇಲೆಯೇ. ಬೆಂಗಳೂರಿನ ಆಸ್ಪತ್ರೆಗಳಲ್ಲೂ ಈಗ ಹೈಪೆಕ್ ಹೆಸರಿನಲ್ಲಿ ಇದು ನಡೆಯುತ್ತದೆ. 2012ರಲ್ಲಿ 16 ಕೇಂದ್ರಗಳ 2,298 ರೋಗಿಗಳ ಫಲಿತಾಂಶ ಒಟ್ಟುಗೂಡಿಸಿದಾಗ ಹತ್ತು ವರ್ಷ ಬದುಕಿದವರು ಶೇ. 63. ಆಪರೇಷನ್ ತಡೆದುಕೊಳ್ಳಬಲ್ಲವರನ್ನೇ ಆರಿಸಿರುತ್ತಾರಾದ್ದರಿಂದ ಎರಡು ಅಂಕಿಗಳನ್ನು ನೇರವಾಗಿ ತೂಗುವುದು ಸರಿಯಲ್ಲ. ಇದು ಸಣ್ಣ ಆಪರೇಷನ್ನೂ ಅಲ್ಲ: ಆ ರೋಗಿಗಳಲ್ಲಿ ಶೇ. 24ರಷ್ಟು ಮಂದಿಗೆ ಗಂಭೀರ ತೊಡಕುಗಳಾದವು, ಶೇ. 2ರಷ್ಟು ಜನ ಚಿಕಿತ್ಸೆಯಲ್ಲೇ ಸತ್ತರು. ಆದರೂ ಬದುಕಿನ ಆಸೆ ಬದಲಾಯಿಸಿದ್ದು ಇದೇ.

ನಮ್ಮ ಎಷ್ಟೋ ನರ್ಸಿಂಗ್ ಹೋಮ್‌ಗಳಲ್ಲಿ ತೆಗೆದ ಅಪೆಂಡಿಕ್ಸನ್ನು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಹಾಕಿ, ಚೀಟಿ ಅಂಟಿಸಿ, ಲ್ಯಾಬ್‌ಗೆ ಕೊಟ್ಟು ಬನ್ನಿ ಎಂದು ಮನೆಯವರ ಕೈಗೇ ಕೊಡುತ್ತಾರೆ. ಖರ್ಚು ಉಳಿಸಲು ಆ ಡಬ್ಬಿ ಅಲ್ಲೇ ಬಿಟ್ಟರೆ, ಅಥವಾ ರಿಪೋರ್ಟ್ ತರಲು ಯಾರೂ ಹೋಗದಿದ್ದರೆ, ಗುಣವಾಗಬಹುದಾದ ಗಡ್ಡೆ ಕೈತಪ್ಪಿ ಹೋಗುತ್ತದೆ. ದಯವಿಟ್ಟು ಆ ರಿಪೋರ್ಟ್ ತಂದು ಡಾಕ್ಟರಿಗೆ ತೋರಿಸಿ.

ಈಗ ಇನ್ನೊಂದು ಪ್ರಶ್ನೆ ಎದ್ದಿದೆ. ಆಪರೇಷನ್ ಇಲ್ಲದೆ ಆಂಟಿಬಯೋಟಿಕ್‌ನಲ್ಲೇ ಅಪೆಂಡಿಸೈಟಿಸ್ ವಾಸಿ ಮಾಡುವ ಪದ್ಧತಿ ಹೆಚ್ಚುತ್ತಿದೆ. ಹಾಗೆ ವಾಸಿಯಾದರೆ ಲ್ಯಾಬ್‌ನಲ್ಲಿ ಪರೀಕ್ಷಿಸಲು ತೆಗೆದ ಅಪೆಂಡಿಕ್ಸೇ ಇರುವುದಿಲ್ಲ. ಅಪೆಂಡಿಕ್ಸ್ ಸುತ್ತ ಕೀವುಗಟ್ಟಿ ಔಷಧಿಯಿಂದ ಗುಣವಾದವರ ಮೇಲೆ ಫಿನ್‌ಲೆಂಡ್‌ನಲ್ಲಿ ನಡೆದ ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಸೇರಿದ್ದ 60 ಜನರಲ್ಲಿ ಕೊನೆಗೆ 12 ಮಂದಿಗೆ ಗಡ್ಡೆ ಇತ್ತು, ಎಲ್ಲರೂ 40 ದಾಟಿದವರು. 2025ರಲ್ಲಿ ಅಮೆರಿಕದ ಕ್ಯಾನ್ಸರ್ ದಾಖಲೆಗಳಿಂದ ಇನ್ನೊಂದು ಸಂಗತಿ ಹೊರಬಿತ್ತು: 1945ರ ಆಸುಪಾಸಿನಲ್ಲಿ ಹುಟ್ಟಿದವರಿಗೆ ಹೋಲಿಸಿದರೆ 1985ರ ಆಸುಪಾಸಿನವರಲ್ಲಿ ಅಪೆಂಡಿಕ್ಸ್ ಕ್ಯಾನ್ಸರ್ ನಾಲ್ಕು ಪಟ್ಟಿಗೂ ಹೆಚ್ಚು. ಆ ಪೀಳಿಗೆ ಈಗಷ್ಟೇ 40ಕ್ಕೆ ಕಾಲಿಟ್ಟಿದೆ. ಕೀವು ಔಷಧಿಯಲ್ಲೇ ಆರಿಹೋದವರು ಮುಂದಿನ ಸ್ಕ್ಯಾನ್ ಯಾವಾಗ, ಅಪೆಂಡಿಕ್ಸ್ ತೆಗೆಸಬೇಕೇ ಎಂಬುದನ್ನು ಡಿಸ್ಚಾರ್ಜ್ ದಿನವೇ ಸರ್ಜನ್ ಬಳಿ ಕೇಳಿ ಬರೆಸಿಕೊಳ್ಳಬೇಕು.